ಆಯಿಯನ್ನು ತೆಗೆದವರು ಯಾರು? ಹಾಜಿಮಲಂಗ ಅತ್ತಾರ ಸರ್ ಮತ್ತು ‘ಮೂರಂಕಣದ ಮನಿ’

ಪ್ರೌಢಶಾಲೆಯ ಚಿತ್ರಕಲಾ ಶಿಕ್ಷಕರೆಂದರೆ ಗೋಡೆಗೆ ಸುವಿಚಾರ ಬರೆಯಲು, ಸ್ನೇಹಸಮ್ಮೇಳನದ ಪರದೆಗೆ ಬಣ್ಣ ಬಳಿಯಲು, ಗಣಿತದ ಮಾಸ್ತರರು ರಜೆ ಹಾಕಿದ ದಿನ ಅವರ ವರ್ಗವನ್ನು ಸದ್ದಿಲ್ಲದೆ ಕೂಡಿಸಲು ಸರಕಾರ ಕಳಿಸಿಕೊಟ್ಟ ವ್ಯಕ್ತಿ ಎಂಬ ತಿಳಿವಳಿಕೆ ನಮ್ಮ ಜಿಲ್ಲೆಯಲ್ಲಿ ಗಟ್ಟಿಯಾಗಿ ಬೇರೂರಿದ್ದ ಕಾಲದಲ್ಲಿ, ಆ ಮೂರೂ ಕೆಲಸಗಳನ್ನು ಗೊಣಗದೆ ಮಾಡಿ, ಉಳಿದ ಹೊತ್ತಿನಲ್ಲಿ ಸೀರೆಯ ಪೆಟ್ಟಿಗೆಯ ರಟ್ಟಿನಿಂದ ಒಂದು ಇಡೀ ಮನೆತನವನ್ನೇ ಹುಟ್ಟಿಸಿ, ಹನ್ನೆರಡು ವರ್ಷ ಅದನ್ನು ಟೀವಿಯೊಳಗೆ ನಡೆದಾಡಿಸಿ, ಜಗಳಾಡಿಸಿ, ಊರನ್ನು ನಗಿಸಿದವರು ಶ್ರೀ ಹಾಜಿಮಲಂಗ ಅತ್ತಾರ ಅವರು. ಕೇಬಲ್ಲಿನ ತಂತಿ ಮುಟ್ಟಿದಷ್ಟು ದೂರದ ಕೀರ್ತಿ ಅವರದು. ಮುದ್ದೇಬಿಹಾಳ ದಾಟಿ ತಂತಿ ಹೋಗಲಿಲ್ಲ, ಕೀರ್ತಿಯೂ ಹೋಗಲಿಲ್ಲ. ತಂತಿಯ ಒಳಗಿದ್ದವರಿಗೆ ಮಾತ್ರ ಅವರ ‘ಮೂರಂಕಣದ ಮನಿ’ ತಮ್ಮ ಓಣಿಯ ಕೊನೆಯ ಮನೆಯಷ್ಟೇ ನಿಜವಾಗಿತ್ತು.

ಈ ಅಭಿನಂದನ ಗ್ರಂಥದ ಸಂಪಾದಕ ಮಂಡಳಿಯವರು ಈ ಲೇಖಕನಿಗೆ ಕೊಟ್ಟಿರುವ ವಿಷಯ ‘ಸರ್ ಅವರ ಕಲಾಸೇವೆ’. ಆ ಸೇವೆಯ ನಟ್ಟನಡುವೆ ಈ ಲೇಖಕನೇ ಮಾಡಿದ ಒಂದು ಅಪಚಾರವೂ ಇರುವುದರಿಂದ, ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯುವುದು ಸಾಧ್ಯವಾಗಿಲ್ಲ. ಏಳು ವರ್ಷ ಸರ್ ಅವರನ್ನು ಕೂತಲ್ಲಿ ಕೂಡಗೊಡದ ಒಂದು ಪ್ರಶ್ನೆಗೆ ಉತ್ತರ ಆ ಅಪಚಾರದೊಳಗೇ ಇತ್ತು.

ಮಸೂತಿ ಎಂಬ ಊರಿನಲ್ಲಿ ಹುಟ್ಟಿದ ಸರ್ ೧೯೭೨ರಲ್ಲಿ ಮೊದಲು ಸೇವೆಗೆ ಸೇರಿದ್ದು ಇಂಡಿ ಊರಿನ ಶಾಲೆಯಲ್ಲಿ. ಸೇರಿದ ವಾರವೇ ಒಂದು ಪ್ರಸಂಗ ನಡೆಯಿತು. ನಮ್ಮ ಸೀಮೆಯಲ್ಲಿ ಚಿತ್ರವನ್ನು ಬಿಡಿಸುವುದಿಲ್ಲ, ತೆಗೆಯುತ್ತೇವೆ. ಬಾಗಿಲನ್ನೂ ತೆಗೆಯುತ್ತೇವೆ, ಜಗಳವನ್ನೂ ತೆಗೆಯುತ್ತೇವೆ, ಕೆಲಸದಿಂದಲೂ ತೆಗೆಯುತ್ತೇವೆ. ಹೊಸ ಉತ್ಸಾಹದ ಸರ್ ಸಿಬ್ಬಂದಿ ಕೋಣೆಯಲ್ಲಿ ಕೂತು, “ನಾಳೆ ಮುಂಜಾನೆ ಹೆಡ್‌ಮಾಸ್ತರನ್ನ ತಗೀತೇನ್ರಿ” ಎಂದು ಜೊತೆಗಾರರಿಗೆ ಹೇಳಿದ್ದು ತಟ್ಟಿಯ ಆಚೆ ಕೂತಿದ್ದ ಹೆಡ್‌ಮಾಸ್ತರರ ಕಿವಿಗೆ ಬಿತ್ತು. ಇಪ್ಪತ್ತಾರು ವರ್ಷ ಸೇವೆ ಸಲ್ಲಿಸಿದ್ದ ಆ ಹಿರಿಯರು ಮಧ್ಯಾಹ್ನದ ಊಟ ಬಿಟ್ಟರು. ಸಂಜೆ ಸರ್ ಅವರನ್ನು ಕರೆಸಿ, ಚಹಾ ಕೊಡಿಸಿ, “ಅತ್ತಾರ, ಮ್ಯಾಲಿಂದ ಕಾಗದ ಬಂದೈತೇನಪಾ? ನನ್ನಿಂದ ಏನ ತಪ್ಪಾತು?” ಎಂದು ಕೇಳಿದರು. ಸರ್ ಕಂಕುಳಲ್ಲಿದ್ದ ಹಾಳೆ ತೋರಿಸಿ, “ಸುಮ್ಮ ಅರ್ಧಾ ತಾಸು ಕೂಡ್ರಿ ಸರ, ಮೂಗು ಭಾಳ ಛಲೋ ಐತಿ” ಎಂದರು. ಆ ಹೆಡ್‌ಮಾಸ್ತರರನ್ನು ಮುಂದೆ ಸರಕಾರ ಕೆಲಸದಿಂದ ನಿಯಮದಂತೆ ತೆಗೆಯಿತು. ಸರ್ ತೆಗೆದದ್ದು ಮಾತ್ರ ಗೋಡೆಯ ಮೇಲೆ ಹಾಗೇ ಉಳಿಯಿತು. ಇಂಥದೇ ಪಾಠವನ್ನು ಮುಂದೊಂದು ದಿನ ತಾವೂ ಓದಬೇಕಾದೀತೆಂದು ಆಗ ಅವರಿಗೆ ತಿಳಿದಿರಲಿಲ್ಲ.

ಸರ್ ಇಂಡಿಯಿಂದ ಬಸವನ ಬಾಗೇವಾಡಿಗೆ ವರ್ಗವಾಗಿ ಬಂದಾಗ ಈ ಲೇಖಕನು ಒಂಬತ್ತನೆಯ ವರ್ಗದ ಹಿಂದಿನ ಸಾಲಿನಲ್ಲಿದ್ದ. ನಮ್ಮ ಮಾತಿನಲ್ಲಿ ‘ಅತ್ತಾರ’ ಎಂದರೆ ‘ಅತ್ತಿದ್ದಾರೆ’ ಎಂದರ್ಥ. ಹೆಡ್‌ಮಾಸ್ತರರು ಬಾಗಿಲಲ್ಲಿ ಇಣುಕಿ “ಅತ್ತಾರ?” ಎಂದು ಕೂಗಿದಾಗ ಹಿಂದಿನ ಸಾಲಿನಿಂದ “ಇಲ್ರೀ, ನಕ್ಕಾರ!” ಎಂಬ ಉತ್ತರ ಹೆಡ್‌ಮಾಸ್ತರರದೇ ದನಿಯಲ್ಲಿ ಹೊರಟಿತು. ಛಡಿ ಏಟು ನಾಲ್ಕು ಬಿದ್ದವು. ಸಾಯಂಕಾಲ ಸರ್ ಕರೆದು ಅಂಗೈ ನೋಡಿ, “ದನಿ ಬರೋಬ್ಬರಿ ಬಂದಿತ್ತು. ಆದ್ರ ಕೆಮ್ಮು ಮರತಿ. ಅವರು ಮೊದಲ ಕೆಮ್ಮತಾರ, ಆಮ್ಯಾಲ ಕರೀತಾರ” ಎಂದರು. ಅಣಕದಲ್ಲೂ ನೋಡುವ ಕಣ್ಣು ಮೊದಲು, ಬಾಯಿ ಆಮೇಲೆ ಎಂದು ಕಲಿಸಿದ ಗುರುಗಳು ಅವರೊಬ್ಬರೇ. ಅದೇ ವರ್ಗದಲ್ಲಿ ಮುಮ್ತಾಜ ಎಂಬ ಎಡಗೈಯ ಹುಡುಗಿ ಕತ್ತರಿ ಹಿಡಿಯಲಾರದೆ ಅಳುತ್ತಿದ್ದಳು. ಸರ್ ಒಂದು ತಿಂಗಳು ತಾವೇ ಎಡಗೈಯಲ್ಲಿ ಕಾಗದ ಕತ್ತರಿಸಿ, ಎಲ್ಲಿ ಒತ್ತುತ್ತದೆ, ಎಲ್ಲಿ ಬೊಕ್ಕೆ ಏಳುತ್ತದೆ ಎಂದು ಕಂಡುಕೊಂಡು, ಅಷ್ಟೇ ಜಾಗಕ್ಕೆ ಅರಿವೆ ಸುತ್ತಿದ ಕತ್ತರಿಯನ್ನು ಅವಳಿಗೆ ಕೊಟ್ಟರು. ಅವಳು ಇಂದು ಸ್ವತಃ ಚಿತ್ರಕಲಾ ಶಿಕ್ಷಕಿ. ಎಲ್ಲಿ ತಪ್ಪಿದೆ ಎಂದು ಕಂಡುಹಿಡಿಯುವ ತನಕ ಸರ್ ಅವರಿಗೆ ಸಮಾಧಾನವಿಲ್ಲ. ಅವರ ದೊಡ್ಡ ಗುಣ ಅದು, ದೊಡ್ಡ ಕಾಟವೂ ಅದೇ.

೧೯೮೮ರಲ್ಲಿ ಮುದ್ದೇಬಿಹಾಳಕ್ಕೆ ಬಂದರು. ಐದು ವರ್ಷಗಳ ಮೇಲೆ ಈ ಲೇಖಕನೂ ಅಲ್ಲಿಯ ಕಾಲೇಜೊಂದಕ್ಕೆ ಕನ್ನಡ ಕಲಿಸಲು ಬಂದ. ಅದೇ ಹೊತ್ತಿಗೆ ಮಾರ್ಕೆಟ್ ಯಾರ್ಡಿನ ಸಮೀಪ ಮಾಳಿಗೆಯ ಮೇಲೆ ದೊಡ್ಡ ತಾಟಿನಂಥ ಡಿಶ್ ಕೂಡಿಸಿ ಊರಿಗೆ ಕೇಬಲ್ ಹಂಚುತ್ತಿದ್ದ ಬಸಂತರಾಯರು, ರವಿವಾರ ಎರಡು ಸಿನಿಮಾಗಳ ನಡುವಿನ ಖಾಲಿ ಹೊತ್ತನ್ನು ತುಂಬಲು ಏನಾದರೂ ಹುಡುಕುತ್ತಿದ್ದರು. ಸರ್ ವರ್ಗದಲ್ಲಿ ಪಾಠಕ್ಕೆಂದು ಮಾಡಿದ್ದ ರಟ್ಟಿನ ಗೊಂಬೆಗಳನ್ನು ನೋಡಿ, “ಇವ್ನ ಟೀವ್ಯಾಗ ಆಡಸಾಕ ಬರತೈತೇನ್ರಿ?” ಎಂದರು. ೧೯೯೪ರ ಯುಗಾದಿಗೆ ‘ಮೂರಂಕಣದ ಮನಿ’ಯ ಮೊದಲ ಕಂತು ಬಂತು. ಕಂಬದಿಂದ ಕಂಬಕ್ಕೆ ಒಂದರಂತೆ ಮೂರು ಅಂಕಣದಷ್ಟೇ ಅಗಲದ ಮನೆಯಲ್ಲಿ ಬಸ್ ಕಂಡಕ್ಟರ್ ತಮ್ಮಣ್ಣ, ಅವನ ಹೆಂಡತಿ ಕಸ್ತೂರೆವ್ವ, ಅವನ ತಾಯಿ ಆಯಿ. ಅಂಕಣ ಮೂರು, ಅಣಕ ನೂರು ಎಂದು ಈ ಲೇಖಕ ಮೊದಲ ದಿನವೇ ಸಾರಿದ. ಮಾತು ಬರೆಯುವುದು ಅವನ ಪಾಲು, ಗೊಂಬೆಗಳ ದನಿಗಳೂ ಅವನ ಪಾಲು. ಉಳಿದದ್ದೆಲ್ಲ ಸರ್. ಕೀಲಿಗೆ ಅಂಗಿಯ ಗುಂಡಿ, ಹಿನ್ನೆಲೆಗೆ ಚುಚ್ಚಿ ನಿಲ್ಲಿಸಲು ಟಾಚಣಿ ಎಂಬ ಗುಂಡುಸೂಜಿ, ಪ್ರತಿ ಗೊಂಬೆಗೂ ಮುಚ್ಚಿದ, ಅರೆತೆರೆದ, ಪೂರಾ ತೆರೆದ ಮೂರು ಬಾಯಿ. ಮದುವೆಯ ವಿಡಿಯೋ ಕ್ಯಾಮೆರಾದ ಗುಂಡಿ ಒತ್ತು, ನಿಲ್ಲಿಸು, ತೋಳನ್ನು ಕೂದಲೆಳೆಯಷ್ಟು ಸರಿಸು, ಮತ್ತೆ ಒತ್ತು. ಎಂಟು ನಿಮಿಷದ ಕಂತಿಗೆ ಹದಿನೈದು ದಿನ ಹಿಡಿಯುತ್ತಿತ್ತು.

ಮೊದಲ ಎರಡು ಕಂತು ಚೆನ್ನಾಗಿರಲಿಲ್ಲ. ಇದನ್ನು ಸರ್ ತಿಳಿದದ್ದು ತಮ್ಮ ಮನೆಯಲ್ಲೇ. ರವಿವಾರ ಹನ್ನೊಂದಕ್ಕೆ ಕಂತು ಬರುವಾಗ ಅವರ ಪತ್ನಿ ಸೈದಾಬಿ ಅವರು ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಟೀವಿಯಲ್ಲಿ ಏನು ನಡೆದರೂ ಟಪಟಪ ನಿಲ್ಲಲಿಲ್ಲ. ಸರ್ ಟೀವಿಯತ್ತ ನೋಡಲಿಲ್ಲ, ರೊಟ್ಟಿಯ ಸದ್ದನ್ನೇ ಕೇಳುತ್ತ ಹೊರಗೆ ಒಳಗೆ ಅಡ್ಡಾಡಿದರು.

ಮೂರನೆಯ ಕಂತಿನ ಧ್ವನಿಮುದ್ರಣ ಶಾಲೆಯ ಚಿತ್ರಕಲಾ ಕೋಣೆಯಲ್ಲಿ ನಡೆದಿತ್ತು. ಆಯಿಯ ಮಾತನ್ನು ಈ ಲೇಖಕನೇ ಹೆಣ್ಣುದನಿ ಮಾಡಿ ಓದುತ್ತಿದ್ದ. ಚಹಾ ತಂದ ಗುಂಡವ್ವ ಬಾಗಿಲಲ್ಲಿ ನಿಂತಳು. ಗೊಳಸಂಗಿಯ ಗುಂಡವ್ವ ಶಾಲೆಯ ಸಿಪಾಯಿ. ಗಂಟೆ ಬಾರಿಸುವುದರಿಂದ ಹಿಡಿದು ಹೆಡ್‌ಮಾಸ್ತರರನ್ನು ಎಚ್ಚರಿಸುವ ತನಕ ಎಲ್ಲ ಅವಳದೇ.

“ಇದ್ಯಾವ ಮುದಕಿರೀ ಸರ, ಗಂಡಸಿನ ಗಂಟಲದಾಕಿ?” ಎಂದಳು.

“ಸೊಸಿ ಜೋಡಿ ಜಗಳಾ ನಡದೈತವ್ವಾ,” ಎಂದರು ಸರ್.

“ಜಗಳದಾಗ ಮುದಕಿ ಹಿಂಗ ಒದರತಾಳೇನ್ರೀ? ಸೊಸಿ ಪೂರಾ ಮಾತಾಡೂ ಮಟಾ ಸುಮ್ಮ ಕುಂತು ಕಾಳ ಹಸನ ಮಾಡತಾಳ. ಆಮ್ಯಾಲ ಒಂದ ಮಾತ ಅಂತಾಳ.”

“ಏನಂತಾಳ?”

ಗುಂಡವ್ವ ಚಹಾದ ತಾಟು ಕೆಳಗಿಟ್ಟು, ಇಲ್ಲದ ಮೊರದಲ್ಲಿ ಇಲ್ಲದ ಕಾಳನ್ನು ಎರಡು ಸಲ ಕೇರಿ, “ಆತ ಬಿಡವಾ. ನಾಳಿಂದ ನೀನ ಅತ್ತಿ, ನಾನ ಸೊಸಿ. ಏಳು, ನೀರ ತಾ ಅನ್ನು ನನಗ” ಎಂದಳು.

ಸರ್ ಅವರ ಬೆರಳು ಆಗಲೇ ಟೇಪಿನ ಗುಂಡಿಯ ಮೇಲಿತ್ತು. ಆ ರವಿವಾರ ಸೈದಾಬಿ ಅವರ ಕೈ ನಡುವೆ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಕರಕಲಾಯಿತು. ಹೊಗೆಯ ನಡುವೆ ಸರ್ ಅವರ ಮುಖ ಪರೀಕ್ಷೆ ಪಾಸಾದವರಂತಿತ್ತು. ಅಂದಿನಿಂದ ಆಯಿಗೆ ಬರೆದ ಮಾತಿಲ್ಲ. ಪ್ರಸಂಗ ಇಂಥದು ಎಂದು ಹೇಳಿದರೆ ಸಾಕು, ಗುಂಡವ್ವನೇ ಆಡುವಳು. ಅಂದಿನಿಂದ ಸರ್ ಕಪಾಟಿನ ಬಾಗಿಲ ಒಳಬದಿಗೆ ಒಂದು ಉದ್ದ ಹಾಳೆ ಅಂಟಿಸಿ ಪ್ರತಿ ಕಂತಿಗೂ ಇದ್ದಿಲಿನ ಒಂದು ಚುಕ್ಕೆ ಇಡತೊಡಗಿದರು. ರೊಟ್ಟಿ ಸುಟ್ಟರೆ ಚುಕ್ಕೆ ಮೇಲೆ, ಟಪಟಪ ನಿಲ್ಲದಿದ್ದರೆ ಕೆಳಗೆ.

ಮುಂದಿನ ನಾಲ್ಕು ವರ್ಷ ಚುಕ್ಕೆಗಳು ಏರುತ್ತ ಹೋದವು. ಆಗಿನ ಕಂತುಗಳನ್ನು ಇಂದು ನೋಡಿದರೆ ಗೊಂಬೆಗಳು ಕುಂಟುತ್ತವೆ, ಬಾಯಿ ಒಂದು ಕಡೆ, ಮಾತು ಇನ್ನೊಂದು ಕಡೆ. ಆದರೆ ತಮ್ಮಣ್ಣ ದಿನವಿಡೀ ಬಸ್ಸಿನಲ್ಲಿ “ಮುಂದ ಸರೀರಿ” ಎಂದು ಕೂಗಿ, ಸಂಜೆ ಮನೆಗೆ ಬಂದು, ಯಾರೂ ತನ್ನ ಮಾತಿಗೆ ಸರಿಯದ ಆ ಮೂರು ಅಂಕಣದಲ್ಲಿ ಕೂಡಲು ಜಾಗ ಹುಡುಕುವುದನ್ನು ನೋಡಿದರೆ ನಗುವಿನ ಜೊತೆಗೆ ಕರುಳೂ ಚುರ್ ಎನ್ನುತ್ತದೆ. “ಮುಂದ ಸರೀರಿ” ಎಂಬುದನ್ನು ಅವನು ಇಡೀ ಕಂತಿಗೆ ಒಂದೇ ಸಲ ಅನ್ನುತ್ತಿದ್ದ. “ಮೊದಲ ಮನಿ ಇರಲಿ, ನಗಿ ತಾನ ಬರತೈತಿ” ಎಂಬುದು ಸರ್ ಅವರ ಕಟ್ಟಳೆ.

ಊರಿಗೆ ರುಚಿ ಹತ್ತಿತು. ೧೯೯೮ರ ಜೂನಿನಲ್ಲಿ ಬಸಂತರಾಯರು ಶಾಲೆಗೇ ಬಂದರು. “ಸರ, ಮಂದಿ ವಾರಕ್ಕೊಮ್ಮಿ ಕೇಳಾಕತ್ತಾರ. ಹದಿನೈದ ದಿನಾ ಯಾರ ಕಾಯತಾರ್ರಿ?”

“ಅಂಟು ಒಣಗಬೇಕಲ್ಲರೀ ಬಸಂತರಾಯರ.”

“ಬಿಸಿಲಿಗಿ ಇಡ್ರಿ. ನಮ್ಮೂರಾಗ ಬಿಸಿಲಿಗೇನ ಬರಾ ಬಂದೈತಿ?”

ವಾರಕ್ಕೊಂದು ಕಂತಾಯಿತು. ಯೋಚಿಸಲು ಹೊತ್ತಿಲ್ಲದ್ದರಿಂದ, ಹಿಂದೆ ನಗಿಸಿದ್ದನ್ನೇ ಮತ್ತೆ ತಂದೆವು. ತಮ್ಮಣ್ಣನ “ಮುಂದ ಸರೀರಿ” ಒಂದಿದ್ದದ್ದು ಐದಾಯಿತು, ಹನ್ನೊಂದಾಯಿತು. ದಣಿದ ಮನುಷ್ಯನಾಗಿದ್ದ ಅವನು ಬರಬರುತ್ತ ಬರೀ ದಡ್ಡನಾದ. ಮಾತಿಗೊಮ್ಮೆ ಮುನಿಯುತ್ತಿದ್ದ ಕಸ್ತೂರೆವ್ವ ಬರೀ ಮುನಿಸೇ ಆದಳು. ಬದಲಾಗದೆ ಉಳಿದವಳು ಆಯಿ ಒಬ್ಬಳೇ, ಏಕೆಂದರೆ ಅವಳನ್ನು ನಾವು ಬರೆಯುತ್ತಿರಲಿಲ್ಲ. ಊರ ಹೊಟೇಲುಗಳಲ್ಲಿ ಜನ ಮರುದಿನ ಆಡಿ ತೋರಿಸುತ್ತಿದ್ದದ್ದೂ ಅವಳ ಮಾತನ್ನೇ. ಈ ಲೇಖಕ ವಾರವಿಡೀ ಹೊಸೆದ ಶ್ಲೇಷೆಗಳನ್ನು ಯಾರೂ ನೆನೆಯುತ್ತಿರಲಿಲ್ಲ. ಅದು ಅವನಿಗೆ ಚುಚ್ಚುತ್ತಿತ್ತೆಂಬುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

೧೯೯೯ರ ಮಾರ್ಚಿನಲ್ಲಿ ಚಿತ್ರಕಲಾ ಪರೀಕ್ಷೆಯ ಕೆಲಸಕ್ಕೆಂದು ಸರ್ ಎರಡು ವಾರ ಸಿಂದಗಿಗೆ ಹೋದರು. ಮುಂಜಾನೆಯ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಗೊಂಬೆಗಳ ಪೆಟ್ಟಿಗೆಯ ಮೇಲೆ ಒಂದು ಚೀಟಿ ಚುಚ್ಚಿಟ್ಟಿದ್ದರು: “ಗುರಣ್ಣ, ಆಯಿ ಭಾಳ ಸವದಾಳ. ಇನ್ನ ತಡಾ ಮಾಡೂದು ಬ್ಯಾಡ. ತಗೀಬೇಕು.”

ಗುರಣ್ಣನೆಂದರೆ ಈ ಲೇಖಕ. ಅವನು ಚೀಟಿಯನ್ನು ಒಂದು ಸಲ ಓದಿದ, ಎರಡನೆಯ ಸಲ ಓದುವ ಮನಸ್ಸು ಮಾಡಲಿಲ್ಲ. ಆಯಿಯ ಮಾತು ಸವೆದಿದೆ, ಅವಳನ್ನು ಧಾರಾವಾಹಿಯಿಂದ ತೆಗೆಯಬೇಕು ಎಂದು ಸರ್ ಅವರಿಗೂ ಅನ್ನಿಸಿತಲ್ಲ ಎಂದು ಒಳಗೊಳಗೇ ಹಗುರಾದ. ಗೊಂಬೆ ನಡೆಸುವುದನ್ನು ಅಷ್ಟರಲ್ಲಿ ಕಲಿತಿದ್ದ ಅವನೇ ಮಾಡಿದ ಆ ವಾರದ ಕಂತಿನಲ್ಲಿ ಆಯಿ ಗಂಟು ಹಿಡಿದು ಮಗನ ಬಸ್ಸು ಹತ್ತಿದಳು. ಮಗ “ಮುಂದ ಸರೀರಿ” ಎಂದ. ಅವಳು ಒಂದು ಮಾತೂ ಆಡದೆ ಮುಂದೆ ಸರಿದು, ಸರಿದು, ಪರದೆಯ ಅಂಚು ದಾಟಿ ಹೋದಳು. ಮಾತಿಲ್ಲದ್ದರಿಂದ ಗುಂಡವ್ವನನ್ನು ಕರೆಯುವ ಕಾರಣವೇ ಬರಲಿಲ್ಲ.

ಸರ್ ಸಿಂದಗಿಯಿಂದ ಬಂದದ್ದು ಒಂದು ಹಾಳೆಯ ಸುರುಳಿಯನ್ನು ಕಂಕುಳಲ್ಲಿ ಹಿಡಿದು. ಈ ಲೇಖಕ ಉತ್ಸಾಹದಿಂದ ವರದಿ ಒಪ್ಪಿಸಿದ: “ಆಯೀನ್ನ ತಗದೇನ್ರಿ ಸರ. ಮಂದಿ ಭಾಳ ಛಲೋ ಆತು ಅಂದ್ರು.” ಎರಡನೆಯ ವಾಕ್ಯ ಸುಳ್ಳು. ಕ್ಯಾಸೆಟ್ಟು ಹಾಕಿ ತೋರಿಸಿದ. ಸರ್ ಪೂರಾ ನೋಡಿ “ಹ್ಞಾಂ” ಎಂದರು, ಸುರುಳಿಯನ್ನು ಬಿಚ್ಚದೆ ಕಪಾಟಿನ ಹಿಂಬದಿಗೆ ಇಟ್ಟರು. ಸರ್ ಅವರ “ಹ್ಞಾಂ” ಎಂಬುದನ್ನು ಹದಿಮೂರು ಬಗೆಯಲ್ಲಿ ಅಣಕಿಸಿ ಸಿಬ್ಬಂದಿ ಕೋಣೆಯನ್ನು ನಗಿಸುತ್ತಿದ್ದ ಈ ಲೇಖಕನಿಗೆ ಹದಿನಾಲ್ಕನೆಯದರ ಅರ್ಥ ತಿಳಿಯಲಿಲ್ಲ.

ಮನೆಯಲ್ಲಿ ಸೈದಾಬಿ ಅವರು ಕೇಳಿದರಂತೆ: “ಏನ್ರೀ, ಆ ಮುದಕಿನ್ಯಾಕ ಕಳಿಸಿದ್ರಿ? ಮನಿ ಭಣಭಣಾ ಅಂತೈತಿ.”

“ಬರಿಯಾಂವ ಅಂವ. ಅಂವಗ ಬ್ಯಾಡ ಅನಿಸೇತಿ. ಬರಿಯೋರ ಕೈ ನಾ ಹೆಂಗ ಹಿಡೀಲಿ?” ಎಂದರಂತೆ ಸರ್.

ಶಾಲೆಯಲ್ಲಿ ಗುಂಡವ್ವ ಒಂದೇ ಸಲ ಕೇಳಿದಳು. “ಸರ, ಮುದಕಿ ಎಲ್ಲೀ ಮಟಾ ಹೋದಳ್ರಿ?” ಶಿಷ್ಯನ ಮೇಲೆ ಹೊರೆ ಹಾಕಲು ಒಲ್ಲದ ಸರ್, “ಬಸ್ಸಿನಾಗ ಹೋಗ್ಯಾಳವ್ವಾ” ಎಂದರು. “ಹ್ಞೂಂ. ಮಗನ ಬಸ್ಸು, ಟಿಕೀಟ ತಗಸೂದಿಲ್ಲ” ಎಂದು ಅವಳು ಗಂಟೆ ಬಾರಿಸಲು ಹೋದಳು. ಅಂದಿನಿಂದ ಚಹಾ ತಂದಿಟ್ಟು ಹೋಗುತ್ತಿದ್ದಳು, ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲ. ಸರ್ ತನ್ನನ್ನು ತೆಗೆದರೆಂದು ಅವಳು ತಿಳಿದಳು. ಗುರಣ್ಣ ತೆಗೆದನೆಂದು ಸರ್ ತಿಳಿದರು. ಸರ್ ತೆಗೆಯಹೇಳಿದರೆಂದು ಗುರಣ್ಣ ತಿಳಿದ. ಮೂವರೂ ದೊಡ್ಡ ಮನಸ್ಸು ಮಾಡಿ ಸುಮ್ಮನಿದ್ದೆವು. ಎರಡು ವರ್ಷಗಳ ಮೇಲೆ ಗುಂಡವ್ವ ನಿವೃತ್ತಳಾಗಿ ಗೊಳಸಂಗಿಗೆ ಹೋದಳು.

ಆಮೇಲಿನ ವರ್ಷಗಳಲ್ಲಿ ಸರ್ ಅವರನ್ನು ಕಂಡವರು, ಏನನ್ನೋ ಕಳೆದುಕೊಂಡು ಏನೆಂಬುದನ್ನೂ ಮರೆತವರು ಹುಡುಕುವಂತೆ ಅವರು ಅಡ್ಡಾಡುತ್ತಿದ್ದುದನ್ನು ಮರೆಯಲಾರರು. ವರ್ಗದಲ್ಲಿ ಮಕ್ಕಳಿಗೆ ಹೂಜಿ ತೆಗೆಯಲು ಹೇಳಿ, ತಾವು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಪಾಟಿಗೆ ತಿರುಗುವರು; ಕಪಾಟು ತೆರೆದು ಚುಕ್ಕೆಗಳ ಸಾಲಿನ ಮೇಲೆ ಬೆರಳಾಡಿಸಿ “ಏನೋ ಕಡಮಿ ಐತಿ” ಎನ್ನುವರು. ಅಂಟು ಬದಲಿಸಿದರು. ಚಷ್ಮಾ ಬದಲಿಸಿದರು. ಆಯಿ ಹೋದಮೇಲೆ ಮನೆ ಸಣ್ಣದೆನ್ನಿಸಿ ನಾಲ್ಕನೆಯ ಅಂಕಣ ಕಟ್ಟಿ, ತಿಂಗಳ ಮೇಲೆ ಅದನ್ನು ಕೆಡವಿದರು. ೨೦೦೨ರಲ್ಲಿ ಕಂಪ್ಯೂಟರು ಬಂತು. ಗೊಂಬೆಗಳ ಕುಂಟು ಹೋಯಿತು. ಎಣ್ಣೆ ಹಚ್ಚಿದಂತೆ ಜಾರತೊಡಗಿದವು, ತುಟಿಗೆ ಸರಿಯಾಗಿ ಮಾತು ಕೂಡತೊಡಗಿತು. ಊರು ಮೆಚ್ಚಿತು. ಸರ್ ಮೂರು ತಿಂಗಳು ನೋಡಿ, ಕತ್ತರಿಗೆ ಮರಳಿದರು, ಮತ್ತೆ ಕಂಪ್ಯೂಟರಿಗೆ ಹೋದರು. ಹಬ್ಬಕ್ಕೊಂದು ವಿಶೇಷ ಕಂತು, ದೊಡ್ಡವರ ದನಿಗಳ ಅಣಕ, ಕಸ್ತೂರೆವ್ವನಿಗೆ ಇದ್ದಕ್ಕಿದ್ದಂತೆ ಹುಟ್ಟಿಕೊಂಡ ಅವಳಿ ತಂಗಿ, ಎಲ್ಲವೂ ಬಂದು ಹೋದವು. ವಿಚಿತ್ರವೆಂದರೆ ನೋಡುವವರು ಕಡಿಮೆಯಾಗಲಿಲ್ಲ. “ಮೊದಲಿಗಿಂತ ಹೆಚ್ಚ ಮಂದಿ ನೋಡಾಕತ್ತಾರ್ರಿ ಸರ, ಇನ್ನ ಏನ ಬೇಕ್ರಿ ನಿಮಗ?” ಎಂದು ಬಸಂತರಾಯರು ಕಂಗಾಲಾಗಿ ಕೇಳುವರು. “ರೊಟ್ಟಿ ಸುಡವಲ್ದರೀ” ಎನ್ನುವರು ಸರ್. ಬಸಂತರಾಯರಿಗೆ ಅದು ಇಂದಿಗೂ ಒಗಟು.

ನಡುವೆ ಒಂದು ದೀಪಾವಳಿಗೆ ಆಯಿ ಫೋನಿನಲ್ಲಿ ಮಾತಾಡುವ ಕಂತು ಮಾಡಿದೆವು. ದನಿ ಈ ಲೇಖಕನದು. ಉಸಿರು, ಎಳೆತ, ತುದಿಯ ಕೊಂಕು, ಎಲ್ಲ ಗುಂಡವ್ವನದೇ. ಊರು ಚಪ್ಪಾಳೆ ತಟ್ಟಿತು. ಸೈದಾಬಿ ಅವರ ರೊಟ್ಟಿಯ ಸದ್ದು ಒಂದು ಗಳಿಗೆ ನಿಂತು, ಮತ್ತೆ ಜೋರಾಗಿ ಮುಂದುವರಿಯಿತು. ಸರ್ ಆ ದಿನದ ಚುಕ್ಕೆಯನ್ನು ಎಲ್ಲಕ್ಕಿಂತ ಕೆಳಗೆ ಇಟ್ಟರು.

೨೦೦೬ರ ಏಪ್ರಿಲ್. ಮೇ ಕೊನೆಗೆ ನಿವೃತ್ತಿ. ಧಾರಾವಾಹಿಯನ್ನೂ ಅದರೊಡನೆ ಮುಗಿಸುವುದೆಂದು ಸರ್ ನಿಶ್ಚಯಿಸಿದ್ದರು, ಆದರೆ ಎಲ್ಲಿ ಕೆಟ್ಟಿತೆಂದು ತಿಳಿಯದೆ ಮುಗಿಸುವುದು ಅವರಿಗೆ ಆಗದ ಮಾತಾಗಿತ್ತು. ಕಪಾಟು ಖಾಲಿ ಮಾಡುವ ದಿನ ಈ ಲೇಖಕ ಸಹಾಯಕ್ಕೆ ಹೋದ. ಕ್ಯಾಸೆಟ್ಟುಗಳ ಹಿಂದೆ ಧೂಳು ಹಿಡಿದ ಒಂದು ಸುರುಳಿ ಸಿಕ್ಕಿತು. ಬಿಚ್ಚಿದರೆ ಆಯಿ. ಕೈ, ಕಾಲು, ಕುತ್ತಿಗೆ, ಮೂರೂ ಬಾಯಿ ಒಂದೇ ಹಾಳೆಯಲ್ಲಿ, ಕತ್ತರಿಸಿ ರಟ್ಟಿಗೆ ಅಂಟಿಸುವುದಷ್ಟೇ ಬಾಕಿ. ಒಂದು ಟಾಚಣಿಯ ತೂತೂ ಬಿದ್ದಿರಲಿಲ್ಲ.

“ಇದ್ಯಾವಾಗಿಂದ್ರೀ ಸರ?”

ಸರ್ ತಲೆಯೆತ್ತದೆ ಹೇಳಿದರು: “ಸಿಂದಗ್ಯಾಗ ಮಾಡಿದ್ದು. ನೀ ಆಯೀನ್ನ ತಗದ ವಾರಾನ ನಾನೂ ಆಯೀನ್ನ ತಗದಿದ್ದೆ.”

ಈ ಲೇಖಕ ಹಾಳೆಯನ್ನು ಕೆಳಗಿಟ್ಟ. “ಸರ... ಚೀಟ್ಯಾಗ ‘ಸವದಾಳ, ತಗೀಬೇಕು’ ಅಂತ ಬರದಿದ್ರಿ.”

“ಹೌದಪಾ. ಟಾಚಣಿ ಚುಚ್ಚಿ ಚುಚ್ಚಿ ಕುತಗಿ ಹರದಿತ್ತಲ್ಲ. ಹೊಸಾದ ತಗೀಬೇಕು ಅಂತ...” ಸರ್ ಅಲ್ಲಿಗೇ ನಿಂತರು. ಏಳು ವರ್ಷ ಒಂದೆಡೆ ಕೂಡದ ಮನುಷ್ಯ ಆಗ ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು. ಇಂಡಿಯ ಹೆಡ್‌ಮಾಸ್ತರರು ಊಟ ಬಿಟ್ಟದ್ದು ನೆನಪಾಯಿತೇನೋ, ಮೊದಲು ನಕ್ಕರು. ಆಮೇಲೆ, “ಗುಂಡವ್ವಗ ಯಾರ ಹೇಳಿದ್ರು?” ಎಂದರು.

ಯಾರೂ ಹೇಳಿರಲಿಲ್ಲ. ಮರುದಿನ ಗೊಳಸಂಗಿಯ ಬಸ್ಸು ಹಿಡಿದೆವು. ಬಸ್ಸಿನಲ್ಲಿ ಸರ್ ಮೂರು ಸಲ ಸೀಟು ಬದಲಿಸಿದರು. ಗುಂಡವ್ವ ಕಟ್ಟೆಯ ಮೇಲೆ ಕೂತು ನಿಜವಾದ ಮೊರದಲ್ಲಿ ನಿಜವಾದ ತೊಗರಿ ಹಸನು ಮಾಡುತ್ತಿದ್ದಳು. ಸರ್ ಇಡೀ ಕಥೆ ಹೇಳಿದರು. ಅವಳು ಪೂರಾ ಮುಗಿಯುವ ತನಕ ಕಾಳಿನಿಂದ ಕಣ್ಣೆತ್ತಲಿಲ್ಲ.

“ತಪ್ಪ ನಂದಬೇ ಗುಂಡವ್ವಾಯಿ,” ಎಂದ ಗುರಣ್ಣ.

“ನಿಂದ ಅಂತ ನನಗ ಗೊತ್ತಿದ್ದಿಲ್ಲ, ಸರನ್ನ ಬೈಕೋತ ಕುಂತಿದ್ದೆ. ಏಳ ವರ್ಷದ ಬೈಗಳಾ ಸುಮ್ಮ ಹಾಳಾತು,” ಎಂದಳು ಗುಂಡವ್ವ. “ಆದ್ರ ದೀಪಾವಳಿಗಿ ನನ್ನ ದನಿ ತಗದಾಂವ ನೀನ ಅಂತ ಗೊತ್ತಾಗಿತ್ತು. ಈ ಓಣಿಯ ಸೊಸಿಯಂದ್ರು ಮುದ್ದೇಬಿಹಾಳದಾಗ ನೋಡಿ ಬಂದು, ‘ಆಯಿ, ಫೋನಿನಾಗ ನೀನ ಮಾತಾಡಿದಿ’ ಅಂದ್ರು. ಅದು ನನ್ನ ದನಿ ಇದ್ದೀತು ತಮ್ಮಾ, ನಾ ಇದ್ದಿಲ್ಲ.”

ಕಡೆಯ ಕಂತಿಗೆ ಬರಬೇಕೆಂದು ಸರ್ ಕೇಳಿದರು. “ನಾ ಏನ ರಟ್ಟೇನ್ರಿ? ನೀವು ತಗದ್ರ ಹೋಗಾಕ, ನೀವು ತಗದ್ರ ಬರಾಕ?” ಎಂದು ಅವಳು ಮೊರ ಕುಟ್ಟಿದಳು. ಸರ್ ಸುರುಳಿ ಬಿಚ್ಚಿ ಅವಳ ಮುಂದೆ ಹಾಸಿ, ಮೂಲೆಗಳಿಗೆ ನಾಲ್ಕು ಹಿಡಿ ತೊಗರಿ ಭಾರ ಇಟ್ಟರು. ಗುಂಡವ್ವ ಬಾಗಿ ಬಹಳ ಹೊತ್ತು ನೋಡಿದಳು. ಕಡೆಗೆ ತೆರೆದ ಬಾಯಿಯ ಮೇಲೆ ಬೆರಳಿಟ್ಟಳು.

“ಏಳ ವರ್ಷದಾಗ ದೇವರು ನನ್ನ ಮುಂದಿನ ಹಲ್ಲ ಎರಡ ತಗದಾನ. ನೀವು ಇಲ್ಲಿ ಎಲ್ಲಾ ಹಲ್ಲ ತಗದೀರಿ. ಹಿಂಗ ಇದ್ರ ನಾ ಹೆಂಗ ಮಾತಾಡ್ಲಿ?”

ಸರ್ ಕಿಸೆಯಿಂದ ಪೆನ್ಸಿಲ್ ತೆಗೆದು, ಅಲ್ಲೇ ಕಟ್ಟೆಯ ಮೇಲೆ, ಆ ಎರಡು ಹಲ್ಲುಗಳನ್ನು ಕಪ್ಪು ಮಾಡಿದರು.

ಆಯಿ ಹೋದದ್ದರಿಂದಲೇ ‘ಮೂರಂಕಣದ ಮನಿ’ ಕೆಟ್ಟಿತೆಂದರೆ ಅದು ಪೂರಾ ಸತ್ಯವಲ್ಲ ಎಂದು ಸರ್ ಅವರೇ ಹೇಳುತ್ತಾರೆ. ಚುಕ್ಕೆಗಳು ಅದಕ್ಕಿಂತ ಒಂಬತ್ತು ತಿಂಗಳು ಮೊದಲೇ, ಅಂಟು ಒಣಗುವ ಮುನ್ನ ಗೊಂಬೆ ನಡೆಸತೊಡಗಿದಂದೇ, ಇಳಿಯಲು ಶುರುವಾಗಿದ್ದವು. ಆದರೆ ಬರೆಯದ ಮಾತೊಂದು ಮನೆಯಲ್ಲಿ ಇರುವ ತನಕ ಬರೆದ ಮಾತುಗಳಿಗೆ ನಾಚಿಕೆ ಇರುತ್ತಿತ್ತು. ಅದು ಹೋದಮೇಲೆ ನಮ್ಮನ್ನು ತಡೆಯುವವರು ಇರಲಿಲ್ಲ.

ಕಡೆಯ ಕಂತನ್ನು ಸರ್ ಕಂಪ್ಯೂಟರು ಮುಟ್ಟದೆ, ಹದಿನೈದು ದಿನ ತೆಗೆದುಕೊಂಡು ಮಾಡಿದರು. ಗೊಂಬೆಗಳು ಮೊದಲಿನಂತೆಯೇ ಕುಂಟಿದವು. ತಮ್ಮಣ್ಣನ ಬಸ್ಸು ಬಂದು ನಿಲ್ಲುತ್ತದೆ. ಅವನು ಹಿಂತಿರುಗಿ ನೋಡದೆ “ಮುಂದ ಸರೀರಿ” ಎನ್ನುತ್ತಾನೆ, ಇಡೀ ಕಂತಿಗೆ ಅದೊಂದೇ ಸಲ. ಪರದೆಯ ಇನ್ನೊಂದು ಅಂಚಿನಿಂದ ಎರಡು ಹಲ್ಲಿಲ್ಲದ ಆಯಿ ಒಳಗೆ ಬಂದು, ಗಂಟು ಕೆಳಗಿಟ್ಟು, ಹೇಳುತ್ತಾಳೆ: “ಇನ್ನ ಎಷ್ಟ ಸರೀಲೋ ತಮ್ಮಾ? ಮುಂದ ಸರದ ಸರದ ಮನೀಗೇ ಬಂದೇನಿ.”

ಹಾಗೆ ಅನ್ನಬೇಕೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಆ ರವಿವಾರ ಈ ಲೇಖಕ ಸರ್ ಅವರ ಮನೆಯಲ್ಲೇ ಇದ್ದ. ಆಯಿ ಬಾಯಿ ತೆರೆದ ಕೂಡಲೇ ಟಪಟಪ ನಿಂತಿತು. ಮತ್ತೆ ಶುರುವಾಗಲಿಲ್ಲ. ಒಳಗಿನಿಂದ ಕರಕಲು ವಾಸನೆ ಬಂತು, ಹೊಗೆ ಬಂತು, ಹೊಗೆಯ ಹಿಂದೆ ಹಿಟ್ಟಿನ ಕೈಯ ಸೈದಾಬಿ ಅವರು ಬಂದು ಗಂಡನ ಮುಖ ನೋಡಿ, “ಯಾಕ್ರೀ, ಅತ್ತೀರೇನು?” ಎಂದರು. “ರೊಟ್ಟಿ ಹೊಗಿ” ಎಂದರು ಸರ್. ಒಂಬತ್ತನೆಯ ವರ್ಗದ ಹಿಂದಿನ ಸಾಲಿನಲ್ಲಿ ಕೊಟ್ಟ ಉತ್ತರವನ್ನು ಈ ಲೇಖಕ ಇಪ್ಪತ್ತು ವರ್ಷಗಳ ಮೇಲೆ ತಿದ್ದಿಕೊಳ್ಳಬೇಕಾಯಿತು: ನಕ್ಕಾರ, ಹೌದು. ಅತ್ತಾರ, ಅದೂ ಹೌದು.

ಸರಕಾರ ಈಗ ತನ್ನ ಹಾಜರಿ ಪುಸ್ತಕದಿಂದ ಶ್ರೀ ಹಾಜಿಮಲಂಗ ಅತ್ತಾರ ಅವರ ಹೆಸರನ್ನು ತೆಗೆದಿದೆ. ಅವರು ಇನ್ನು ಯಾರ ಗಂಟೆಯ ಹಂಗೂ ಇಲ್ಲದೆ, ಅಂಟು ತಾನಾಗಿ ಒಣಗುವಷ್ಟು ನಿಧಾನವಾಗಿ, ಕಣ್ಣಿಗೆ ಬಿದ್ದವರನ್ನೆಲ್ಲ ತೆಗೆಯುತ್ತಿರಲಿ. ಗುಂಡವ್ವನ ಉಳಿದ ಹಲ್ಲುಗಳನ್ನು ದೇವರು ತೆಗೆಯದಿರಲಿ. ಸರ್ ನೂರು ವರ್ಷ ಬಾಳಲಿ, ಮತ್ತು ಅಷ್ಟೂ ರವಿವಾರ ಸೈದಾಬಿ ಅವರ ಹಂಚಿನ ಮೇಲೆ ಒಂದೊಂದಾದರೂ ರೊಟ್ಟಿ ಸುಡಲಿ.